ರುಚಿ ಬಲ್ಲವನು

ಹೊಳೆದಂಡೆಯ ಆಶ್ರಮವೊಂದರಲ್ಲಿ ಅಡವಯ್ಯ ಎಂಬ ಗುರುಗಳಿದ್ದರು. ಅವರ ಶಿಷ್ಯ ಭೃಂಗೀಶ ಉಗ್ರಾಣ ನೋಡಿಕೊಳ್ಳುತ್ತಿದ್ದ. ಬುದ್ಧಿವಂತ. ಹಾಗೆಂದು ಯಾರಾದರೂ ಹೇಳಿದರೆ ಅವನಿಗೆ ಬಹಳ ಹಿತವಾಗುತ್ತಿತ್ತು.

ಆ ಬೇಸಿಗೆಯ ಕೊನೆಗೆ ಭಕ್ತರು ತಂದ ಹಣ್ಣು ಉಗ್ರಾಣದಲ್ಲಿ ಹಿಡಿಸಲಿಲ್ಲ. ಮಾವು, ದ್ರಾಕ್ಷಿ, ನೇರಳೆ, ಅನಾನಸ್.

“ಇವತ್ತೇ ಹಂಚಿಬಿಡು. ಯಾರೂ ತಿನ್ನದ್ದನ್ನು ದನಕ್ಕೆ ಹಾಕು,” ಎಂದರು ಗುರುಗಳು.

ಭೃಂಗೀಶ ಹಂಚಿದ. ಮೆತ್ತಗಾದ ಹಣ್ಣು ಇನ್ನೂ ಬುಟ್ಟಿ ತುಂಬ ಉಳಿಯಿತು. ದನಕ್ಕೆ ಹಾಕಲು ಮನಸ್ಸು ಬರಲಿಲ್ಲ. ಕಾಲೇಜಿನ ದಿನಗಳಲ್ಲಿ ಗೆಳೆಯನೊಬ್ಬನ ಮನೆಯಲ್ಲಿ ಕ್ರಿಸ್‌ಮಸ್‌ಗೆಂದು ವೈನ್ ಹಾಕುವುದನ್ನು ನೋಡಿದ್ದ. ಅದು ನೆನಪಾಯಿತು.

ಕೊಳೆತ ಭಾಗ ಕೊಯ್ದು ತೆಗೆದ. ಉಳಿದದ್ದನ್ನೆಲ್ಲ ಒಟ್ಟಿಗೆ ಹಿಸುಕಿ ಉಪ್ಪಿನಕಾಯಿಯ ದೊಡ್ಡ ಭರಣಿಗೆ ತುಂಬಿದ. ಬೆಲ್ಲದ ನೀರು ಹೊಯ್ದು, ಲವಂಗ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ ಮೂಲೆಯಲ್ಲಿಟ್ಟ. ಯಾರಿಗೂ ಹೇಳಲಿಲ್ಲ.

ಕೆಲವು ದಿನಗಳಲ್ಲೇ ಭರಣಿ ಗುಜುಗುಜು ಎನ್ನತೊಡಗಿತು. ನೊರೆಯ ಜೊತೆ ಸಿಪ್ಪೆ ಮೇಲೆ ಬರುವುದು, ಭೃಂಗೀಶ ಅದನ್ನು ಸೌಟಿನಿಂದ ಒತ್ತಿ ಕೆಳಗಿಳಿಸುವುದು. ಜಪಕ್ಕೆ ಕೂತಾಗಲೂ ಅವನ ಕಿವಿ ಅತ್ತಲೇ.

ನೊರೆ ಅಡಗಿದ ಮೇಲೆ ಸೋಸಿದ. ಕೆಂಪಗೆ, ತಿಳಿಯಾಗಿ ಇಳಿಯಿತು. ಭರಣಿ ತೊಳೆದು ಮತ್ತೆ ಅದರಲ್ಲೇ ತುಂಬಿಟ್ಟ. ನಾಲಿಗೆಗೆ ಹಚ್ಚಿಕೊಂಡು ನೋಡಿದ. ಚೆನ್ನಾಗಿ ಬಂದಿದೆಯೋ ಇಲ್ಲವೋ ಅವನಿಗೆ ತಿಳಿಯಲಿಲ್ಲ.

ತಿಳಿಯಬಲ್ಲವನು ಆಶ್ರಮದಲ್ಲಿ ಒಬ್ಬನೇ ಇದ್ದ.

ಹರಿಗೋಲು ನಡೆಸುವ ಗಾದಿಲಿಂಗಪ್ಪ ಕುಡಿತದಿಂದ ಮನೆ ಕಳೆದುಕೊಂಡವನು. ಅದನ್ನು ಬಿಡಬೇಕೆಂದು ಗುರುಗಳ ಕಾಲು ಹಿಡಿದು ಆಶ್ರಮದಲ್ಲೇ ಉಳಿದಿದ್ದ. ಬಿಟ್ಟೂ ಇದ್ದ. ಅವನೊಡನೆ ಮಾತೇ ನಿಲ್ಲಿಸಿದ್ದ ಮಗಳು ಹೊನ್ನೂರವ್ವ, ಮಗುವನ್ನು ಕರೆದುಕೊಂಡು ನಾಳೆ ಬರುತ್ತೇನೆಂದು ಹೇಳಿಕಳಿಸಿದ್ದಳು. ಆಚೆ ದಂಡೆಯಿಂದ ಅವಳನ್ನು ತಾನೇ ಕರೆತರಬೇಕೆಂದು ಗಾದಿಲಿಂಗಪ್ಪ ಹರಿಗೋಲು ತೊಳೆಯುತ್ತಿದ್ದ.

ಭೃಂಗೀಶ ಲೋಟ ಹಿಡಿದು ಅಲ್ಲಿಗೆ ಹೋದ.

“ಏನ್ ಸ್ವಾಮಿ ಇದು?”

“ಹಣ್ಣಿನ ಷರಬತ್ತು. ರುಚಿ ಹೇಗಿದೆ ಹೇಳು.”

ಗಾದಿಲಿಂಗಪ್ಪ ಲೋಟವನ್ನು ಮೂಗಿನ ಹತ್ತಿರ ತಂದ. ಕೈ ಅಲ್ಲೇ ನಿಂತಿತು.

“ಸ್ವಾಮಿ, ಇದು...”

“ನಮ್ಮ ಉಗ್ರಾಣದ ಹಣ್ಣೇ. ಸ್ವಲ್ಪ ಹುಳಿ ಬಂದಿದೆ, ಅಷ್ಟೇ. ನಿನಗಲ್ಲದೆ ಇನ್ಯಾರಿಗೆ ಗೊತ್ತಾಗುತ್ತೆ?”

ಗಾದಿಲಿಂಗಪ್ಪ ಅವನ ಮುಖ ನೋಡಿದ. ಬೇಡ ಅನ್ನಿ ಎಂದು ಬೇಡಿಕೊಳ್ಳುವ ಹಾಗಿತ್ತು ಆ ನೋಟ. ಭೃಂಗೀಶ ಏನೂ ಅನ್ನಲಿಲ್ಲ. ಗಾದಿಲಿಂಗಪ್ಪ ಕುಡಿದ. ಕಣ್ಣು ಮುಚ್ಚಿ ಸುಮ್ಮನೆ ಕೂತ.

“ಭಾಳ ಚೆನ್ನಾಗೈತೆ,” ಎಂದ.

ಭೃಂಗೀಶ ಹಿಗ್ಗಿನಿಂದ ಹಿಂದಿರುಗಿದ.

ಮರುದಿನ ಬೆಳಿಗ್ಗೆ ಭರಣಿ ಖಾಲಿಯಾಗಿತ್ತು. ಗಾದಿಲಿಂಗಪ್ಪ ದಂಡೆಯ ಮರಳಿನಲ್ಲಿ ಬಿದ್ದಿದ್ದ, ಮೈಮೇಲೆಲ್ಲ ವಾಂತಿ ಮಾಡಿಕೊಂಡು.

ಹೊನ್ನೂರವ್ವ ಆಚೆ ದಂಡೆಯಲ್ಲಿ ಕಾದು ಕಾದು ಯಾರದೋ ಹರಿಗೋಲಿನಲ್ಲಿ ಬಂದಳು. ಅಪ್ಪನನ್ನು ನೋಡಿದಳು. ಮಗುವಿನ ಕಣ್ಣಿಗೆ ಸೆರಗು ಮುಚ್ಚಿ, ಬಂದ ಹರಿಗೋಲಿನಲ್ಲೇ ತಿರುಗಿ ಹೋದಳು.

ಜನ ಸೇರಿದರು. “ಇವನ ಚಟ ಎಲ್ಲಿ ಹೋಗುತ್ತೆ!” ಎಂದರು ಯಾರೋ.

ಗುರುಗಳು ಪಕ್ಕದಲ್ಲಿ ಕೂತು ಅವನ ಬಾಯಿ ಒರೆಸಿದರು. “ಎಲ್ಲಿ ಸಿಕ್ಕಿತಪ್ಪಾ ನಿನಗೆ?”

ಗಾದಿಲಿಂಗಪ್ಪನ ಕಣ್ಣು ಗುಂಪಿನಲ್ಲಿದ್ದ ಭೃಂಗೀಶನ ಮೇಲೆ ಒಂದು ಗಳಿಗೆ ನಿಂತಿತು.

“ಊರಾಗಿಂದ ನಾನೇ ತಂದಿದ್ದೆ, ಅಜ್ಜಾರೇ.”

ಭೃಂಗೀಶ ಆಗ ಮಾತಾಡಬೇಕಿತ್ತು. ಆಡಲಿಲ್ಲ. ಜನ ಚದುರಿದರು.

ಅವನು ಹೊಳೆಗೆ ಹೋಗಿ ಕೈ ತೊಳೆದ. ಉಗುರಿನ ಸಂದಿಯಲ್ಲಿ ನೇರಳೆಯ ಬಣ್ಣ ಕೂತಿತ್ತು. ಮರಳು ಹಾಕಿ ಉಜ್ಜಿದ. ಊಟದ ಗಂಟೆ ಹೊಡೆಯಿತು. ಪಂಕ್ತಿಯಲ್ಲಿ ಕೂತು ತಲೆ ಎತ್ತುವುದಾದರೂ ಹೇಗೆ? ಎದ್ದು ಗುರುಗಳ ಬಳಿಗೆ ಹೋದ.

“ಅದನ್ನು ಮಾಡಿದ್ದು ನಾನು. ಕೊಟ್ಟದ್ದೂ ನಾನೇ. ಕೊಡಬಾರದೆಂದು ಗೊತ್ತಿತ್ತು.”

“ಗೊತ್ತಿದ್ದೂ ಯಾಕೆ ಕೊಟ್ಟೆ?”

“ಚೆನ್ನಾಗಿದೆ ಅನ್ನಿಸಿಕೊಳ್ಳಬೇಕಿತ್ತು.”

ಭೃಂಗೀಶ ಅವರ ಎದುರು ಮಂಡಿಯೂರಿದ.

“ಶಿಕ್ಷೆ ಕೊಡಿ. ಉಪವಾಸ ಕೂರುತ್ತೇನೆ.”

“ನೀನು ಊಟ ಬಿಟ್ಟರೆ ಗಾದಿಲಿಂಗನ ಹೊಟ್ಟೆಯ ಉರಿ ಇಳಿಯುತ್ತದೆಯೇ?”

“ಹಾಗಾದರೆ ಆಶ್ರಮ ಬಿಟ್ಟು ಹೋಗುತ್ತೇನೆ.”

“ಹೋಗು. ಆಚೆ ದಂಡೆಗೆ ಹೋಗು. ಆ ಹೆಣ್ಣುಮಗಳು ಅಲ್ಲಿ ಬಸ್ಸಿಗೆ ಕಾಯುತ್ತಿದ್ದಾಳೆ.”

“ಯಾವ ಮುಖ ಇಟ್ಟುಕೊಂಡು ಹೋಗಲಿ ಗುರುಗಳೇ?”

“ಅವಳು ನೋಡಲು ಬಂದದ್ದು ನಿನ್ನ ಮುಖವನ್ನಲ್ಲ.”

ಭೃಂಗೀಶನಿಗೆ ಹರಿಗೋಲು ನಡೆಸಿ ಅಭ್ಯಾಸವಿರಲಿಲ್ಲ. ಅದು ನಡುನೀರಿನಲ್ಲಿ ಗಿರಗಿರ ತಿರುಗಿತು. ದಂಡೆಯ ಮೇಲಿದ್ದವರು ನಕ್ಕರು. ಹೇಗೋ ದಾಟಿದ.

ಬಸ್ಸಿಗೆ ಕಾಯುತ್ತಿದ್ದ ಜನರೆಲ್ಲರ ಎದುರಿಗೇ ಹೊನ್ನೂರವ್ವನ ಕಾಲಿಗೆ ಬಿದ್ದ. ಒಂದನ್ನೂ ಮುಚ್ಚಿಡದೆ ಹೇಳಿದ. ಅವಳ ಅಪ್ಪ ತನ್ನ ಹೆಸರು ಹೇಳದೇ ಹೋದದ್ದನ್ನೂ, ತಾನು ಬಾಯಿ ಮುಚ್ಚಿಕೊಂಡು ನಿಂತದ್ದನ್ನೂ ಹೇಳಿದ.

ಹೊನ್ನೂರವ್ವ ಕಾಲು ಹಿಂದಕ್ಕೆಳೆದುಕೊಂಡಳು.

“ರುಚಿ ನೋಡಾಕೆ ನಿಮಗೆ ನಮ್ಮಪ್ಪನೇ ಸಿಕ್ಕನಾ?”

ಬಸ್ಸು ಬಂತು. ಹೋಯಿತು. ಅವಳು ಮಗುವನ್ನು ಸೊಂಟಕ್ಕೇರಿಸಿ ಹರಿಗೋಲಿನ ಕಡೆ ನಡೆದಳು. ಹರಿಗೋಲಿನಲ್ಲಿ ಅವನಿಗೆ ಬೆನ್ನು ಮಾಡಿ ಕೂತಳು.

ಸಂಜೆ ಅವಳು ಅಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗಂಜಿ ಕುಡಿಸಿದಳು. ಬೈಯುತ್ತಲೇ ಕುಡಿಸಿದಳು. ಮಗು ತಾತನ ಗಡ್ಡ ಹಿಡಿದು ಎಳೆಯಿತು. ಗಾದಿಲಿಂಗಪ್ಪ ಅಳುತ್ತಿದ್ದ. ಭೃಂಗೀಶ ನೀರಿನ ಚೊಂಬು ತಂದು ಹೊಸ್ತಿಲ ಹೊರಗೆ ನಿಂತ. ಹೊನ್ನೂರವ್ವ ಚೊಂಬು ತೆಗೆದುಕೊಂಡಳು, ಅವನತ್ತ ನೋಡಲಿಲ್ಲ.

ಅವನು ಗುರುಗಳ ಬಳಿಗೆ ಹೋಗಿ ತಲೆ ತಗ್ಗಿಸಿ ನಿಂತ.

“ಎಲ್ಲವನ್ನೂ ಹೇಳಿದೆ. ಕಾಲಿಗೂ ಬಿದ್ದೆ. ಆದರೂ ಅವಳು ನನ್ನನ್ನು ಕ್ಷಮಿಸಲಿಲ್ಲ.”

ಗುರುಗಳು ಅವನನ್ನು ದಿಟ್ಟಿಸಿ ಕೇಳಿದರು:

“ನೀನು ಹೋದದ್ದು ಅದಕ್ಕಾ?”