ಮಾಗಳಿ ಬೇರಿಗೆ ತಿಗಣೆಯ ವಾಸನೆ ಬಂದದ್ದು

ಲೋಕದ ಹಸಿಮಣ್ಣು ಇನ್ನೂ ಆರಿರದ ಕಾಲ. ಬೆಟ್ಟಗಳು ಆಗ ತಾನೇ ಎದ್ದು ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಿದ್ದವು. ನದಿಗಳಿಗೆ ದಾರಿ ಗೊತ್ತಿರಲಿಲ್ಲ, ಸಿಕ್ಕವರನ್ನೆಲ್ಲ ಕೇಳುತ್ತಾ ಹೋಗುತ್ತಿದ್ದವು. ಆಗ ಬೇರುಗಳಿಗೆ ವಾಸನೆ ಎಂಬುದೇ ಇರಲಿಲ್ಲ. ಯಾವ ಬೇರನ್ನು ಕಡಿದರೂ ಸಿಹಿ, ಕಡಿದಷ್ಟೂ ತಂಪು.

ಇದರಿಂದ ಸುಖವಾಗಿದ್ದವನು ಮುಳ್ಳುಹಂದಿ. ಅಗೆಯುವುದು, ತಿನ್ನುವುದು, ತೇಗುವುದು, ಮತ್ತೆ ಅಗೆಯುವುದು.

ಬಂಡೆಬೆಟ್ಟದ ಒಂದು ಬಿರುಕಿನಲ್ಲಿ ಮಾಗಳಿ ಎಂಬ ಬಳ್ಳಿ ಇದ್ದಳು. ಅವಳ ಅಕ್ಕತಂಗಿಯರು, ಅತ್ತೆ, ದೊಡ್ಡಮ್ಮ ಎಲ್ಲರೂ ಮುಳ್ಳುಹಂದಿಯ ಹೊಟ್ಟೆ ಸೇರಿದ್ದರು. ಉಳಿದವಳು ಇವಳೊಬ್ಬಳೇ. ಮೈಮೇಲೆ ಒಂದಷ್ಟು ಎಳೆಗಾಯಿ. ಆ ಕಾಯಿ ಬಲಿತು, ಸಿಡಿದು, ಒಳಗಿನ ಬೀಜ ಗಾಳಿಯಲ್ಲಿ ಹಾರಿ ಇನ್ನೊಂದು ಬಂಡೆ ಸೇರುವವರೆಗೆ ಇವಳು ಬದುಕಿರಬೇಕು. ಇಲ್ಲದಿದ್ದರೆ ಮಾಗಳಿ ಎಂಬ ಕುಲವೇ ಲೋಕದಲ್ಲಿ ಉಳಿಯುವುದಿಲ್ಲ.

ಮುಳ್ಳುಹಂದಿ ಒಮ್ಮೆ ಬಂದು ಅವಳನ್ನು ಸುತ್ತು ಹಾಕಿ ನೋಡಿದ. "ಮಗಳೇ, ಆ ಕಡೆಯ ಗೆಣಸು ಮುಗಿಸ್ಕಂಡು ಬತ್ತೀನಿ. ಅಲ್ಲೀಗಂಟ ಚೆನ್ನಾಗಿ ದಪ್ಪ ಆಗು" ಎಂದು ಪ್ರೀತಿಯಿಂದಲೇ ಹೇಳಿ ಹೋದ.

ಮಾಗಳಿಗೆ ಜೀವ ಹಾರಿತು. ಬಂಡೆಯನ್ನು ಕೇಳಿದಳು, "ಏನು ಮಾಡ್ಲಿ ತಾತ?"

"ನನ್ನಂಗೆ ಸುಮ್ಕಿರು" ಎಂದಿತು ಬಂಡೆ. ಬಂಡೆಗೆ ಸುಮ್ಮನಿರುವುದು ಬಿಟ್ಟರೆ ಬೇರೆ ಏನು ಗೊತ್ತು?

ಆಗ ಪಕ್ಕದ ಮರದ ತೊಗಟೆಯ ಕೆಳಗೆ ತಿಗಣೆ ವಾಸವಾಗಿದ್ದ. ಹೌದು, ಆಗ ಅವನ ಮನೆ ಅದೇ. ಒಂದು ಹಕ್ಕಿ ಬಂದು ಅವನನ್ನು ಕಚ್ಚಿತು. ಕಚ್ಚಿದ ಕೂಡಲೇ "ಥೂ ಥೂ" ಎಂದು ಉಗಿದು, ಕೊಕ್ಕನ್ನು ಕೊಂಬೆಗೆ ಉಜ್ಜಿಕೊಂಡು ಹಾರಿಹೋಯಿತು. ತಿಗಣೆ ಮೈ ಕೊಡವಿಕೊಂಡು ಒಳಗೆ ಹೋದ. ಮಾಗಳಿ ಇದನ್ನು ಕಣ್ಣಾರೆ ಕಂಡಳು.

"ತಿಗಣೆಯಣ್ಣ, ನಿನ್ನ ವಾಸನೇಲಿ ನನಗೊಂದು ಚೂರು ಕೊಡ್ತೀಯಾ?"

ತಿಗಣೆಗೆ ಕಣ್ಣು ತುಂಬಿ ಬಂತು. ಹುಟ್ಟಿದಾಗಿನಿಂದ ಅವನ ವಾಸನೆಯನ್ನು ಬೇಕು ಎಂದವರೇ ಇರಲಿಲ್ಲ. "ಚೂರು ಯಾಕೆ, ಬೇಕಾದಷ್ಟು ತಕ್ಕೊ ತಂಗ್ಯವ್ವ. ಆದ್ರೆ ಈ ತೊಗಟೆ ಕೆಳಗೆ ಬಲೇ ಚಳಿ ಕನವ್ವ. ಬೆಚ್ಚಗಿರೋ ಒಂದು ಜಾಗ ತೋರ್ಸು."

ಮಾಗಳಿ ಬೆಟ್ಟದ ಮೇಲಿಂದ ಊರನ್ನು ನೋಡಿದಳು. "ಅಲ್ಲಿ ಕೆಳಗೆ ಮನುಷ್ಯರು ಹೊಸದಾಗಿ ಮಂಚ ಅಂತ ಒಂದು ಮಾಡವ್ರೆ. ಮೈಯೆಲ್ಲ ಹಗ್ಗ, ಎಲ್ಲಿ ನೋಡಿದ್ರೂ ಸಂದಿ. ಮೇಲೆ ಅವರೇ ಬೆಚ್ಚಗೆ ಮಲಗ್ತಾರೆ."

ಆ ಮಾತನ್ನು ಅವಳು ಆಡಬಾರದಿತ್ತು. ಆಡಿಬಿಟ್ಟಳು. ತಿಗಣೆ ತನ್ನ ವಾಸನೆಯನ್ನು ಅವಳ ಬೇರಿಗೆಲ್ಲ ಸವರಿ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಬೆಟ್ಟ ಇಳಿದ.

ಮುಳ್ಳುಹಂದಿ ಬಂದ. ಅಗೆದ. ಮೂಗು ಹಾಕಿದ. "ಆಕ್ಷೀ!" ಸೀನಿದ ರಭಸಕ್ಕೆ ಅವನ ಮುಳ್ಳೆಲ್ಲ ನೆಟ್ಟಗೆ ನಿಂತವು. "ಥೂ, ಏನವ್ವ ಇದು! ದೊಡ್ಡ ಮನೆತನದ ಬೇರು, ಹಿಂಗಾ ಇರೋದು?" ಎಂದು ಬೈದು, ಸೀನುತ್ತಾ ಸೀನುತ್ತಾ ಬೆಟ್ಟ ಇಳಿದ. ಮಾಗಳಿ ಎಲೆ ಎಲೆಯೂ ಅಲ್ಲಾಡುವಂತೆ ನಕ್ಕಳು.

ಕಾಯಿ ಬಲಿತವು, ಸಿಡಿದವು. ಒಳಗೆ ಬಿಳಿ ರೇಷ್ಮೆಯ ಜುಟ್ಟು ಕಟ್ಟಿಕೊಂಡ ಬೀಜಗಳು. "ಬಾ ಗಾಳಿಯಪ್ಪ" ಎಂದು ಮಾಗಳಿ ಕೂಗಿದಳು.

ಗಾಳಿ ಬೆಟ್ಟದ ತಿರುವಿನವರೆಗೆ ಬಂದು ಅಲ್ಲೇ ನಿಂತಿತು. "ನಾನು ಬರಾಕಿಲ್ಲ. ನಿನ್ನ ಮಕ್ಕಳನ್ನ ಹೊತ್ಕಂಡು ಓಡಾಡಿದ್ರೆ, ಹೋದಲ್ಲೆಲ್ಲ ತಿಗಣೆ ಬಂತು ಅಂತಾರೆ. ಮಲ್ಲಿಗೆ ಹತ್ರ ಯಾವ ಮುಖ ಇಟ್ಕಂಡು ಹೋಗ್ಲಿ?"

ಗಾಳಿಗೆ ಮುಖ ಎಲ್ಲಿದೆ ಎಂದು ಕೇಳಬೇಡಿ. ಆಗ ಇತ್ತು, ಜಂಬವೂ ಇತ್ತು. ಕತೆ ಇಲ್ಲಿಗೆ ಬಂದಾಗಲೆಲ್ಲ ನನಗೆ ಗಾಳಿಯ ಮೇಲೆ ಸಿಟ್ಟು ಉಕ್ಕುತ್ತದೆ. ಆಕಾಶದಲ್ಲಿ ಮೋಡ ಕಟ್ಟುತ್ತಿತ್ತು. ಒಂದು ಮಳೆ ಬಿದ್ದರೆ ಸಾಕು, ಜುಟ್ಟೆಲ್ಲ ತೊಯ್ದು ಬೀಜಗಳು ಅಲ್ಲೇ ಕೊಳೆಯುತ್ತವೆ. ಮಾಗಳಿ ಬೇಡಿಕೊಂಡಳು, ಅತ್ತಳು. ಗಾಳಿ ಮೂಗು ತಿರುಗಿಸಿಕೊಂಡು ಹೋಯಿತು.

ಅತ್ತ ಊರಿನಲ್ಲಿ ಚಿಕ್ಕತಾಯಮ್ಮ ಎಂಬ ಹೆಂಗಸು ಮೈ ಕೆರೆದುಕೊಂಡು ಕೆರೆದುಕೊಂಡು ಸುಸ್ತಾಗಿದ್ದಳು. ಮಂಚವನ್ನು ಬಿಸಿಲಿಗೆ ಹಾಕಿದ್ದಾಯಿತು, ಸಂದಿ ಸಂದಿಗೂ ಕುದಿಯುವ ನೀರು ಸುರಿದದ್ದಾಯಿತು. ತಿಗಣೆ ಜಗ್ಗಲಿಲ್ಲ. ನಿದ್ದೆ ಕೆಟ್ಟು ಅವಳಿಗೆ ಊಟವೂ ಸೇರುತ್ತಿರಲಿಲ್ಲ.

ಆ ದಿನ ಅವಳು ಕಣದಲ್ಲಿ ರಾಗಿ ತೂರುತ್ತಿದ್ದಾಗ ಸೀರೆಯ ಮಡಿಕೆಯಿಂದ ಒಂದು ತಿಗಣೆ ಇಳಿದು ಬಂದ. ಗಪ್ಪನೆ ಹಿಡಿದಳು. "ಯಾವನ್ಲಾ ನಿಂಗೆ ನಮ್ಮನೆ ದಾರಿ ತೋರ್ಸಿದ್ದು?"

"ನಾನಾಗಿ ಬರ್ಲಿಲ್ಲ ಕನವ್ವ! ಬೆಟ್ಟದ ಮಾಗಳಿ ಕಳಿಸಿದ್ಲು!"

ಚಿಕ್ಕತಾಯಮ್ಮ ಹಾರೆ ಹೆಗಲಿಗೇರಿಸಿದಳು. ಸೊಂಟಕ್ಕೆ ಒತ್ತಿಕೊಂಡಿದ್ದ ರಾಗಿ ಹೊಟ್ಟಿನ ಮೊರವನ್ನು ಕೆಳಗಿಡಲೂ ಮರೆತು ಸರಸರ ಬೆಟ್ಟ ಹತ್ತಿದಳು.

"ನೀನೇನಾ ನಮ್ಮನೆ ತೋರ್ಸಿದೋಳು? ಬುಡ ಸಮೇತ ಕೀಳ್ತೀನಿ, ನೋಡ್ತಿರು!"

"ಮುಟ್ಟಬ್ಯಾಡವ್ವ, ನಾತ!" ಎಂದು ಮಾಗಳಿ ಹೆದರಿಸಿದಳು.

"ನಾತವಾ? ದಿನಾ ಈ ನಾತದ ಮೇಲೇ ಮಲಗಿ ಏಳ್ತೀನಿ. ನಂಗೇ ಹೇಳ್ತೀಯಾ?"

ನೋಡಿದಿರಾ ಗ್ರಹಚಾರ! ಇಡೀ ಲೋಕದಲ್ಲಿ ಈ ವಾಸನೆಗೆ ಹೆದರದ ಮೂಗು ಅದೊಂದೇ, ಅದನ್ನು ತಯಾರು ಮಾಡಿದವಳು ಮಾಗಳಿಯೇ. ಚಿಕ್ಕತಾಯಮ್ಮ ಮಣ್ಣು ಕೆದಕಿ, ಪಕ್ಕಕ್ಕೆ ಚಾಚಿದ್ದ ಒಂದು ಬೇರನ್ನು ಲಟಕ್ಕನೆ ಮುರಿದು, ಸಿಟ್ಟಿಗೆ ಕಚ್ಚಿಯೇಬಿಟ್ಟಳು.

ಕಚ್ಚಿದವಳು ನಿಂತಳು. ಮತ್ತೆ ಕಚ್ಚಿದಳು. ನಾಲಿಗೆಯೆಲ್ಲ ತಂಪು, ಆಮೇಲೆ ಸಿಹಿ, ಆಮೇಲೆ ಏನೋ ಒಂದು ಜುಮ್ಮೆನ್ನುವ ರುಚಿ. ಊಟ ಮರೆತಿದ್ದ ಹೊಟ್ಟೆ ಗುರ್ ಎಂದಿತು. "ಹಂಗಾದ್ರೆ ಪೂರ್ತಿ ತಕ್ಕೊಂಡೇ ಹೋಗ್ತೀನಿ" ಎಂದು ಹಾರೆ ಎತ್ತಿದಳು.

"ಅವ್ವಾ, ತಪ್ಪಾಯ್ತು!" ಮಾಗಳಿ ಗೋಳಾಡಿದಳು. "ಪಕ್ಕದ ಬೇರು ತಕ್ಕೊ, ತಾಯಿಬೇರು ಒಂದನ್ನ ಬುಡು. ನೋಡು, ನನ್ನ ಮಕ್ಕಳು ಇನ್ನೂ ಮಡಿಲಲ್ಲೇ ಅವೆ. ಗಾಳಿ ಬರಾಕಿಲ್ಲ ಅಂತಾನೆ."

ಚಿಕ್ಕತಾಯಮ್ಮ ಬೀಜಗಳನ್ನು ನೋಡಿದಳು, ತಲೆಯ ಮೇಲಿನ ಮೋಡವನ್ನು ನೋಡಿದಳು. ಮಕ್ಕಳನ್ನು ಹೆತ್ತವಳು. ಸಿಟ್ಟು ಅರ್ಧ ಇಳಿಯಿತು. ಪೂರ್ತಿ ಇಳಿಯಲಿಲ್ಲ, ಮೈ ಇನ್ನೂ ಕೆರೆಯುತ್ತಿತ್ತು.

"ಬರಾಕಿಲ್ಲ ಅಂದ್ನಾ? ಮೊರ ಎತ್ತಿದ್ರೆ ಬರದೆ ಎಲ್ಲಿಗೋದಾನು?"

ಲೋಕ ಹುಟ್ಟಿದಾಗ ಗಾಳಿಗೆ ಹೇಳಿದ್ದ ಕೆಲಸ ಅದು: ಯಾರು ಮೊರ ಎತ್ತಿ ಕರೆದರೂ ಬಂದು ಹೊಟ್ಟು ಹಾರಿಸಿ ಹೋಗಬೇಕು. ಚಿಕ್ಕತಾಯಮ್ಮ ಬೀಜಗಳನ್ನೆಲ್ಲ ಮೊರಕ್ಕೆ ಹಾಕಿ, ಅದರಲ್ಲೇ ಉಳಿದಿದ್ದ ರಾಗಿ ಹೊಟ್ಟನ್ನು ಮೇಲೆ ಮುಚ್ಚಿದಳು. ಬಂಡೆಯ ನೆತ್ತಿಯ ಮೇಲೆ ನಿಂತು ಮೊರ ಎತ್ತಿದಳು. "ಬಾರಪ್ಪೋ, ಗಾಳಿಯಪ್ಪೋ!"

ಗಾಳಿ ಓಡೋಡಿ ಬಂತು. ರಾಗಿ ಹೊಟ್ಟಲ್ಲವೇ ಎಂದು ಕೆನ್ನೆ ಉಬ್ಬಿಸಿ ಒಂದೇ ಉಸಿರಿಗೆ ಊದಿತು. ಬೀಜಗಳು ಬಿಳಿ ಜುಟ್ಟು ಬಿಚ್ಚಿ ಆ ಬೆಟ್ಟ, ಈ ಬೆಟ್ಟ, ಎಲ್ಲೆಲ್ಲೋ ಹಾರಿದವು. ಕೊನೆಯ ಬೀಜ ಮರೆಯಾಗುವವರೆಗೂ ಮಾಗಳಿ ನೋಡಿದಳು. ಅಷ್ಟು ಸಂತೋಷ ಅವಳಿಗೆ ಹಿಂದೆಂದೂ ಆಗಿರಲಿಲ್ಲ.

ಮಳೆ ಬೀಳುವ ಹೊತ್ತಿಗೆ ಗಾಳಿಗೆ ವಾಸನೆ ತಿಳಿಯಿತು. ಬುಸುಗುಟ್ಟುತ್ತಾ ವಾಪಸ್ ಬಂತು. "ಮೋಸ! ನನ್ನ ಕೈಲೇ ಹೊರಿಸಿದ್ರಾ? ಇರ್ಲಿ! ಇನ್ಮೇಲೆ ನೀವು ಈ ವಾಸನೇನ ಎಲ್ಲಿ ಬಚ್ಚಿಟ್ರೂ ನಾನು ಊರಿಗೆಲ್ಲ ಸಾರ್ತೀನಿ!"

"ಸಾರ್ಕೊ ಹೋಗಪ್ಪ" ಎಂದು ಚಿಕ್ಕತಾಯಮ್ಮ ಪಕ್ಕದ ಬೇರುಗಳನ್ನು ಮಡಿಲಿಗೆ ಹಾಕಿಕೊಂಡು, ತಾಯಿಬೇರಿಗೆ ಮಣ್ಣು ಮುಚ್ಚಿ ಮನೆಗೆ ಬಂದಳು.

ಗಂಡ ಪುಟ್ಟಮಾದ ಮೂಸಿ ನೋಡಿ, "ಅಯ್ಯಯ್ಯೋ, ಇನ್ನಷ್ಟು ತಿಗಣೆ!" ಎಂದು ಮಂಚ ಹೊತ್ತುಕೊಂಡು ಬೀದಿಗೆ ಓಡಿದ. ಚಿಕ್ಕತಾಯಮ್ಮ ವಾಸನೆ ಅಡಗಿಸಲು ಬೇರನ್ನು ನೀರಲ್ಲಿ ನೆನೆಸಿದಳು, ಕಂದು ಸಿಪ್ಪೆ ಹೆರೆದಳು, ಸೀಳಿ ನಡುವಿನ ಕಡ್ಡಿ ಎಸೆದಳು, ಸಣ್ಣಗೆ ಹೆಚ್ಚಿದಳು. ಉಪ್ಪು, ಖಾರ, ಅರೆದ ಸಾಸಿವೆ ಕಲಸಿ ಗಟ್ಟಿ ಮೊಸರಿನಲ್ಲಿ ಮುಳುಗಿಸಿ, ಜಾಡಿಯ ಬಾಯಿಗೆ ಬಟ್ಟೆ ಬಿಗಿದಳು. ವಾಸನೆ ಅಡಗಲಿಲ್ಲ. ಆದರೆ ಪುಟ್ಟಮಾದ ಒಮ್ಮೆ ನಾಲಿಗೆಗೆ ತಾಗಿಸಿಕೊಂಡವನು ಮುದ್ದೆಯ ಮೇಲೆ ಮುದ್ದೆ ಇಳಿಸಿದ.

ಅದಕ್ಕೇ ಮಕ್ಕಳೇ, ಇವತ್ತಿಗೂ ಬೇರು ಅಗೆಯುವ ತಿಳಿದವರು ತಾಯಿಬೇರನ್ನು ಮಣ್ಣಲ್ಲೇ ಬಿಟ್ಟು ಬರುತ್ತಾರೆ. ಅದಕ್ಕೇ ಇವತ್ತಿಗೂ ನಾನು ಒಳಮನೆಯಲ್ಲಿ ಮಾಗಳಿ ಉಪ್ಪಿನಕಾಯಿಯ ಜಾಡಿ ಬಿಚ್ಚುವುದೇ ತಡ, ಗಾಳಿ ಬೀದಿಗೆಲ್ಲ ಸಾರಿಬಿಡುತ್ತದೆ: ನೀವು ಮೂಗು ಹಿಡಿದುಕೊಂಡು ಹಿತ್ತಲಿಗೆ ಓಡುತ್ತೀರಿ, ಅಕ್ಕಪಕ್ಕದವರು ತಟ್ಟೆ ಹಿಡಿದುಕೊಂಡು ಮುಂಬಾಗಿಲಿಗೆ ಬರುತ್ತಾರೆ.