ಇನ್ನೊಬ್ಬರ ಕಂಪನಿಗೆ ಹಾಕುವ ರೊಕ್ಕ

ಶಿವಲೀಲಾ ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಅವಳ ಕಸುಬೇ ಅಂಥದ್ದು. ಹಾಲಿಗೆ ಏನೇನು ಬೆರೆಸಿದ್ದಾರೆ ಎಂದು ಪತ್ತೆ ಮಾಡುವ ಪುಟ್ಟ ಯಂತ್ರ ತಯಾರಿಸುವ ಸ್ಟಾರ್ಟಪ್ ಒಂದನ್ನು ಧಾರವಾಡದಲ್ಲಿ ಕಟ್ಟಿದ್ದಳು. ನಾಲ್ಕು ವರ್ಷವಾಗಿತ್ತು.

ಚೈತ್ರದ ಒಂದು ಬೆಳಿಗ್ಗೆ ಅವಳು ಮಲಪ್ರಭೆಯ ದಂಡೆಯ ಆಶ್ರಮಕ್ಕೆ ಬಂದಳು. ಕಾಲೇಜಿನ ದಿನಗಳಿಂದ ಅವಳಿಗೆ ಗುರುಗಳಾಗಿದ್ದ ಅಡವಯ್ಯ ಅಜ್ಜಾರು ಕಟ್ಟೆಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು.

"ಅಜ್ಜಾರ, ಹೊರಗ ಕಾರಿನ್ಯಾಗ ಒಬ್ಬಾಂವ ಕುಂತಾನ, ಪ್ರಭುಲಿಂಗ ಅಂತ. ಅವನ ಮಾರಿ ಒಮ್ಮೆ ನೋಡ್ರಿ. ನಂಬೂವಂಥಾಂವ ಹೌದೋ ಅಲ್ಲೋ ಹೇಳ್ರಿ."

"ಯಾಕ?"

"ಹೊಸಾ ಕಂಪನಿ ಸುರು ಮಾಡ್ಯಾನ್ರಿ. ಎಮ್ಮಿ ಕೊಳ್ಳಿಗೆ ಒಂದು ಪಟ್ಟಿ ಕಟ್ಟಿದ್ರ, ಜ್ವರ ಬರೂಕಿಂತ ಮೊದಲ ಫೋನಿನ್ಯಾಗ ಗೊತ್ತಾಗತೈತಿ. ನಾ ಅದರಾಗ ರೊಕ್ಕ ಹಾಕಬೇಕಂತೀನಿ."

"ನಿನ್ನ ಕಂಪನಿನ ಇನ್ನೂ ಎಳೇದು."

"ಅದಕ್ಕ ಕೇಳಾಕ ಬಂದೀನ್ರಿ. ನನ್ನಂಥಾಕಿ ಇನ್ನೊಬ್ಬರ ಕಂಪನಿಗೆ ರೊಕ್ಕ ಹಾಕಬೌದೇನ್ರಿ? ಮ್ಯಾಲ ಇವನ ಮ್ಯಾಲ ನನಗ ಸಂಶಯ. ನನ್ನ ರೊಕ್ಕ ಬೇಕಾಗೇತೋ, ಹೆಸರು ಬೇಕಾಗೇತೋ, ಡೇರಿಯವರ ಪರಿಚಯ ಬೇಕಾಗೇತೋ, ತಿಳೀವಲ್ದು."

"ಕರಿ ಅವನ್ನ."

ಪ್ರಭುಲಿಂಗ ಬಂದು ನಮಸ್ಕರಿಸಿ, ತುಸು ದೂರದಲ್ಲಿ ಕೂತ. ಅಜ್ಜಾರು ಅವನನ್ನು ಜಾಲಾಡಿಸುತ್ತಾರೆ ಎಂದು ಶಿವಲೀಲಾ ಕಾದಳು. ಅವರು ಕೇಳಿದ್ದು ಒಂದೇ ಮಾತು.

"ತಮ್ಮಾ, ಈಕಿ ಮ್ಯಾಲ ನಿನಗ ಸಂಶಯ ಐತೇನು?"

ಅವನು ಅವಳ ಕಡೆ ನೋಡಿದ. "ಖರೇ ಹೇಳ್ಲೇನ್ರಿ?"

"ಖರೇನ ಹೇಳು."

"ಐತ್ರಿ. ಬಿಸಲೇರಿದ್ರ ಅಕ್ಕಾರ ಮಷಿನ್ ತಪ್ಪು ತೋರಸತೈತಿ ಅಂತ ಡೇರಿ ಮಂದಿ ಅಂತಾರ. ಅದನ್ನ ಬಿಟ್ಟು ಅಕ್ಕಾರು ವಾರಕ್ಕ ಎರಡ ಸಲ ನಮ್ಮ ಶೆಡ್ಡಿಗೆ ಬರ್ತಾರ. ಪಟ್ಟಿ ಹಿಂಗ ಮಾಡು, ಹಂಗ ಮಾಡು ಅಂತಾರ. ಅವರು ಹೇಳೂದು ಚಲೋನ ಇರತೈತ್ರಿ. ಆದ್ರ ಯಾಕ ಬರ್ತಾರ ಅನ್ನೂದು ನನಗ ತಿಳಿದಿಲ್ಲ."

ಶಿವಲೀಲಾಳ ಕಿವಿ ಕಾದವು. ರೊಕ್ಕ ಕೇಳಲು ಬಂದವನ ಬಾಯಿ ನೋಡು! ಮರುಕ್ಷಣವೇ ಇನ್ನೊಂದು ಗುಮಾನಿ: ಯಂತ್ರದ ಸುದ್ದಿ ಇವನಿಗೆ ಮುಟ್ಟಿಸಿದವರು ಯಾರು? ನಿಜಕ್ಕೂ ಡೇರಿಯವರೋ, ತನ್ನ ಇಂಜಿನಿಯರ್ ಮೆಹಬೂಬನೋ?

ಅಜ್ಜಾರು ಅವಳ ಕಡೆ ತಿರುಗಿದರು. "ಇವತ್ತ ಎಲ್ಲಿಗೆ ಹೊಂಟೀನಂತ ಆಫೀಸಿನ್ಯಾಗ ಹೇಳಿ ಬಂದಿ?"

ಅವಳು ಹೇಳಿದಳು: "ಡೇರಿಗೆ ಅಂತ ಹೇಳೀನ್ರಿ."

"ಇವನ ಶೆಡ್ಡಿನ್ಯಾಗ ನಿನಗೇನ ಸಿಗತೈತಿ?"

ಎರಡು ತಿಂಗಳಿಂದ ಅವಳ ಆಫೀಸಿನಲ್ಲಿ ಎಲ್ಲರದೂ ಒಂದೇ ಪ್ರಶ್ನೆ: ಬಿಸಿಲೇರಿದರೆ ಯಂತ್ರ ಯಾಕೆ ತಪ್ಪು ತೋರಿಸುತ್ತದೆ? ಅದಕ್ಕೆ ಅವಳ ಹತ್ತಿರ ಉತ್ತರವಿರಲಿಲ್ಲ. ಆ ಶೆಡ್ಡಿನಲ್ಲಾದರೆ ಅವಳು ಆಡಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದರು.

"ಅಲ್ಲಿ ನನ್ನ ಮಾತು ಕೇಳ್ತಾರ್ರಿ," ಎಂದಳು ಸಣ್ಣ ದನಿಯಲ್ಲಿ.

"ಹಂಗಾರ ರೊಕ್ಕ ಕೊಟ್ಟು ಕೊಳ್ಳಾಕ ಹೊಂಟಿದ್ದು ಅದನ್ನೇನು?"

ಹಿಂದಿರುಗುವಾಗ ಪ್ರಭುಲಿಂಗನನ್ನು ಶೆಡ್ಡಿನ ಮುಂದೆ ಇಳಿಸಿದಳು. ತಾನು ಇಳಿಯಲಿಲ್ಲ.

ಮಧ್ಯಾಹ್ನ ಮೆಹಬೂಬನಿಗೆ ಶೆಡ್ಡಿನ ಓಡಾಟ, ರೊಕ್ಕದ ವಿಚಾರ ಎಲ್ಲವನ್ನೂ ಹೇಳಿದಳು.

"ನಮಗ ಗೊತ್ತಿತ್ರಿ ಮೇಡಂ," ಅಂದ ಅವನು. "ನೀವು ಇನ್ನ ಈ ಕಂಪನಿ ಮುಚ್ಚತೀರಿ ಅಂತ ತಿಳಕೊಂಡಿದ್ವಿ. ಮೂವರು ಆಗಲೇ ಬ್ಯಾರೆ ಕೆಲಸ ಹುಡಕಾಕತ್ತಾರ."

ಆ ಬೇಸಿಗೆಯೆಲ್ಲ ಅವಳು ಮೆಹಬೂಬನ ಜೊತೆ ಡೇರಿಗಳ ತಗಡಿನ ಸೂರಿನ ಕೆಳಗೇ ಕಳೆದಳು. ಬೆವರು ಸುರಿಸುತ್ತ ಯಂತ್ರದ ಒಂದೊಂದೇ ಭಾಗ ಬಿಚ್ಚಿ ನೋಡಿದರು. ಕಾವು ಏರಿದಂತೆ ಹಾಲಿನ ಮೂಲಕ ಹಾಯುವ ಒಳಗಿನ ಸಣ್ಣ ದೀಪದ ಬೆಳಕು ಮಂಕಾಗುತ್ತಿತ್ತು. ದೋಷ ಇದ್ದದ್ದು ಅಲ್ಲೇ. ಜೂನಿನ ಮಿರಗದ ಮಳೆ ಬೀಳುವ ಮೊದಲೇ ಯಂತ್ರ ಸರಿಯಾಯಿತು. ಕೆಲಸ ಹುಡುಕುತ್ತಿದ್ದ ಮೂವರಲ್ಲಿ ಒಬ್ಬಳು ಬಿಟ್ಟುಹೋದಳು, ಇಬ್ಬರು ಉಳಿದರು.

ಪಂಚಮಿ ಹಬ್ಬ ಮುಗಿದ ಮೇಲೆ ಶಿವಲೀಲಾ ಮತ್ತೆ ಆಶ್ರಮಕ್ಕೆ ಬಂದಳು. ಹೊಳೆ ತುಂಬಿತ್ತು.

"ಮಷಿನ್ ಸರಿ ಆತ್ರಿ, ಅಜ್ಜಾರ."

"ಚಲೋ ಆತು."

"ಪ್ರಭುಲಿಂಗ ಮತ್ತ ರೊಕ್ಕ ಕೇಳಿಲ್ಲ. ಆದ್ರ ನನಗ ಈಗೂ ಹಾಕಬೇಕು ಅನಸತೈತಿ. ಅವನ ಪಟ್ಟಿ ಖರೇನ ಚಲೋ ಐತ್ರಿ. ಈ ಸಲ ನಮ್ಮ ಆಫೀಸಿನ್ಯಾಗ ಎಲ್ಲಾರಿಗೂ ಹೇಳೀನಿ."

"ಏನಂದ್ರು?"

"ಭಾಳ ಮಂದಿ ಹೂಂ ಅಂದ್ರು. ಬ್ಯಾರೆ ಕೆಲಸ ಹುಡಕತಿದ್ದ ಇಬ್ಬರು ಮಾತ್ರ ಒಪ್ಪವಲ್ರು. ಅವರಿಗೆ ಅವನ ಮ್ಯಾಲೂ ನಂಬಿಕಿ ಇಲ್ಲ, ನನ್ನ ಮ್ಯಾಲೂ ಇಲ್ಲ. ಏನ ಮಾಡ್ಲ್ರಿ?"

ಅಜ್ಜಾರು ಅಂದರು:

"ಅವನ ಶೆಡ್ಡಿಗೆ ಹೋಗೂಮುಂದ ಆ ಇಬ್ಬರನ್ನ ಕರಕೊಂಡು ಹೋಗು."