ಕರಿ ಕೆಸರಿನ ಮೇಲೆ ಬಿಳಿ ಎಳೆಗಳೇಕೆ

ಭೂಮಿ ಇನ್ನೂ ಹಸಿಯಾಗಿತ್ತು. ಬೆಟ್ಟಗಳ ಮೇಲೆ ದೇವರ ಬೆರಳಿನ ಗುರುತು ಮಾಸಿರಲಿಲ್ಲ. ಆಗಿನ ಮಾತು ಇದು, ಮಗು.

ಹೊಳೆಯ ಮಡುವಿನ ತಳದಲ್ಲಿ ಸಣ್ಣಕ್ಕ ಅಂತ ಒಬ್ಬಳಿದ್ದಳು. ಈಗ ನಾವು ಬ್ಯಾಕ್ಟೀರಿಯಾ ಅನ್ನುತ್ತೇವಲ್ಲ, ಆ ಕುಲದವಳು. ಸಾಸಿವೆಯನ್ನು ಸಾವಿರ ಪಾಲು ಮಾಡಿದರೂ ಒಂದೊಂದು ಪಾಲು ಅವಳಿಗಿಂತ ದೊಡ್ಡದೇ.

ಅಲ್ಲಿನ ಬಿರುಕಿನಿಂದ ಗಂಧಕದ ನಾತ ಗುಳುಗುಳು ಏಳುತ್ತಿತ್ತು. ಕೊಳೆತ ಮೊಟ್ಟೆಯಂಥ ನಾತ. ‘ಇದನ್ನು ಉಂಡು ಬದುಕು’ ಎಂದು ದೇವರು ಅವಳಿಗೆ ಹೇಳಿದ್ದ. ಅವಳು ಉಣ್ಣುತ್ತಿದ್ದಳು. ಮೇಲಿಂದ ಒಂದು ಗುಟುಕು ಗಾಳಿ, ಕೆಳಗಿಂದ ಒಂದು ತುತ್ತು ನಾತ. ಮೇಲಿಂದ ಒಂದು ಗುಟುಕು, ಕೆಳಗಿಂದ ಒಂದು ತುತ್ತು. ಮಾತಾಡಿಸುವವರು ಯಾರೂ ಇಲ್ಲ.

ಒಂದು ದಿನ, ಮೇಲೆ ಆಡುತ್ತಿದ್ದ ಗೆಂಡೆಮೀನನ್ನು ಕೂಗಿದಳು. “ಗೆಂಡಮ್ಮಾ, ನಾನೂ ಬರಲಾ?”

“ಅಯ್ಯೋ ಮಾರಾಯ್ತಿ, ಬಾಯಿ ತೆಗೀಬೇಡ! ಆ ಊಟ ಬಿಟ್ಟು ಬಾ, ಆಮೇಲೆ ಸೇರಿಸ್ಕೋತೀವಿ.”

ಸಣ್ಣಕ್ಕ ಬಿಟ್ಟಳು. ಹಸಿದುಕೊಂಡೇ ಮೇಲೆ ಹೋದಳು. ಎರಡು ದಿನ ಮೀನುಗಳ ನಡುವೆ ಇದ್ದಳು. ಪಕ್ಕದಲ್ಲಿ ಯಾರೋ ಇರುವುದು ಎಷ್ಟು ಚೆನ್ನಾಗಿತ್ತು!

ಮೂರನೆಯ ದಿನ ನಾತವೂ ಮೇಲೆ ಬಂತು. ಉಣ್ಣುವವರಿಲ್ಲದೆ ನೀರೆಲ್ಲ ತುಂಬಿಕೊಂಡಿತ್ತು. ಗೆಂಡಮ್ಮನ ಮರಿ ಹೊಟ್ಟೆ ಮೇಲಾಗಿ ತೇಲಿತು. ಅದರ ಕಿವಿರು ಪಟಪಟ ಬಡಿಯುತ್ತಿತ್ತು.

“ಸಣ್ಣಕ್ಕಾ, ಏನಾದ್ರೂ ಮಾಡೇ!” ಗೆಂಡಮ್ಮ ಅತ್ತಳು.

ಸಣ್ಣಕ್ಕ ಇಳಿದಳು. ಉಂಡಳು, ಉಂಡಳು, ಮುಗಿಯಲಿಲ್ಲ. “ಸ್ವಾಮೀ, ಒಬ್ಬಳ ಕೈಲಾಗದು. ಯಾರನ್ನಾದರೂ ಜೊತೆಗೆ ಕಳಿಸಪ್ಪ.”

ದೇವರು ಮೆತ್ತಗೆ ಅಂದ: “ಇಲ್ಲಿಗೆ ಬರುವವರು ನಿನ್ನ ಬಿಟ್ಟು ಯಾರಿದ್ದಾರೆ, ಮಗಳೇ? ನೀನೇ ಇಬ್ಬರಾಗು.”

ಅಂದದ್ದೇ ತಡ, ಸಣ್ಣಕ್ಕನ ನಡು ಕಿರಿದಾಗಿ, ಅವಳು ಇಬ್ಬರಾದಳು.

“ಊಟ ಆಯ್ತಾ?” ಆಸೆಯಿಂದ ಕೇಳಿದಳು.

“ಊಟ ಆಯ್ತಾ?” ಅತ್ತಲಿನವಳೂ ಅದೇ ಗಳಿಗೆಗೆ ಕೇಳಿದಳು. ಅದೇ ದನಿ.

ಸಣ್ಣಕ್ಕ ನಕ್ಕಳು. ಅವಳೂ ನಕ್ಕಳು. ಆಮೇಲೆ ಇಬ್ಬರೂ ತಿರುಗಿ ಉಣ್ಣಲು ಕೂತರು.

ಇಬ್ಬರು ನಾಲ್ವರಾದರು, ನಾಲ್ವರು ನೂರಾದರು. ಒಬ್ಬರಿಗೊಬ್ಬರು ಅಂಟಿ, ಎಳೆಯಾಗಿ ನಿಂತು ಉಂಡರು. ಉಂಡ ಗಂಧಕ ಒಳಗೆ ಕಾಳುಕಾಳಾಗಿ ಹೊಳೆದು, ಎಲ್ಲರೂ ಬೆಳ್ಳಗಾದರು. ನೀರು ತಿಳಿಯಾಯಿತು. ಮರಿ ಮಗುಚಿಕೊಂಡು ಈಜಿತು. ಗೆಂಡಮ್ಮ ತಳದ ಕಡೆಗೊಮ್ಮೆ ತಲೆಬಾಗಿದಳು. ಆದರೆ ಕೆಳಗೆ ಬರಲಿಲ್ಲ.

ದೇವರ ಮಾತು ಸುಳ್ಳಾಗುವುದುಂಟೇ? ಅದಕ್ಕೇ ಮಗು, ಇವತ್ತಿಗೂ ಕಾರ್ಖಾನೆಯ ಮೋರಿ ನೀರು ನಾರುವ ಕಡೆ, ಯಾವ ಮೀನೂ ಸುಳಿಯದ ಕಡೆ, ಕರಿ ಕೆಸರಿನ ಮೇಲೆ ಬಿಳಿ ಎಳೆಗಳು ತಮ್ಮ ಪಾಡಿಗೆ ತಾವು ಕೂತು ಉಣ್ಣುತ್ತಿರುತ್ತವೆ.